ಬೆಟ್ಟದ ಮೂಲೆಯ ಸುದ್ದಿಗಳು

ಬೆಳಗಿನ ಪತ್ರಿಕೆ ಮನೆಗೆ ಬಂದೊಡನೆ ಯಜಮಾನರು ಮೊದಲನೆಯ ಪುಟವನ್ನು ಹಿಡಿದು ಕುಳಿತರೆ, ಉಳಿದವರ ಕಣ್ಣು ಓಡುವುದು ಒಳಪುಟದ ಮೂಲೆಗೆ. ಎರಡು ತಲೆಯ ಕರು ಹುಟ್ಟಿದ್ದು, ಆಳುದ್ದದ ಪಡವಲಕಾಯಿ ಬೆಳೆದದ್ದು, ಸತ್ತನೆಂದು ತಿಥಿ ಮಾಡಿದ ಮೇಲೆ ಮಗ ಮನೆಗೆ ಬಂದದ್ದು, ಇಂಥವೆಲ್ಲ ಅಲ್ಲಿ ನಾಲ್ಕು ನಾಲ್ಕು ಸಾಲಿನಲ್ಲಿ ಅಚ್ಚಾಗಿರುತ್ತವೆ. ಮಂತ್ರಿಮಂಡಲ ಉರುಳಿದ ವಾರ್ತೆ ಸಂಜೆಯ ಹೊತ್ತಿಗೆ ಮಾಸಿಹೋದೀತು. ಪಡವಲಕಾಯಿ ಮಾತ್ರ ವಾರವಿಡೀ ಬಾಯಿಂದ ಬಾಯಿಗೆ ತಿರುಗುತ್ತಿರುತ್ತದೆ.

ವಿದ್ವಾಂಸರ ಪತ್ರಿಕೆಗಳಿಗೂ ಇಂಥ ಮೂಲೆಗಳುಂಟು. ಮುಂಬಯಿಯ ನಿಸರ್ಗ ಚರಿತ್ರೆ ಸಂಘದ ಪತ್ರಿಕೆಯಲ್ಲಿ ಘನವಾದ ಪ್ರಬಂಧಗಳೆಲ್ಲ ಮುಗಿದ ಮೇಲೆ, ಬಿಡಿ ಟಿಪ್ಪಣಿಗಳಿಗೆಂದು ಹಿಂದಿನ ಕೆಲವು ಪುಟಗಳು ಮೀಸಲಾಗಿರುತ್ತಿದ್ದವು. ಆ ಪುಟಗಳಿಗೆ ಬಹುಕಾಲ ತಪ್ಪದೆ ಬರೆಯುತ್ತಿದ್ದವರಲ್ಲಿ ಒಬ್ಬರ ವಿಳಾಸ ಬಿಳಿಗಿರಿರಂಗನ ಬೆಟ್ಟದ ಹೊನ್ನಮೇಟಿ ಕಾಫಿ ತೋಟ. ಹೆಸರು ರಾಲ್ಫ್ ಕ್ಯಾಮ್ರೂ ಮಾರಿಸ್. ಅವರ ತಂದೆ ರಾಂಡಾಲ್ಫ್ ಮಾರಿಸ್ ಸ್ಕಾಟ್‌ಲೆಂಡಿನಿಂದ ಬಂದು, 19ನೆಯ ಶತಮಾನದ ಕೊನೆಯ ಭಾಗದಲ್ಲಿ ಈ ಬೆಟ್ಟದ ಅತ್ತಿಖಾನೆ, ಹೊನ್ನಮೇಟಿಗಳ ಕಾಡಿನಲ್ಲಿ ಕಾಫಿ ಬೆಳೆಸಿದವರು. ಮಗನಿಗೆ ಕಾಫಿಯ ಲೆಕ್ಕಕ್ಕಿಂತ ಕಾಟಿ, ಆನೆ, ಹುಲಿಗಳ ಲೆಕ್ಕವೇ ಹೆಚ್ಚು ರುಚಿಸಿದಂತೆ ತೋರುತ್ತದೆ. ಇವರು ಬೇಟೆಗಾರರೂ ಹೌದು, ನಿಸರ್ಗದ ಅಭ್ಯಾಸಿಯೂ ಹೌದು. ಆ ಕಾಲದಲ್ಲಿ ಈ ಎರಡೂ ಒಂದೇ ಮೈಯಲ್ಲಿರುವುದು ಯಾರಿಗೂ ವಿಚಿತ್ರವೆನಿಸುತ್ತಿರಲಿಲ್ಲ. ಮೈಸೂರು ಸೀಮೆಯ ಹಕ್ಕಿಗಳನ್ನು ಲೆಕ್ಕಹಾಕಲು 1939ರಲ್ಲಿ ಸಂಚಾರ ಹೊರಟ ಸಲೀಂ ಅಲಿಯವರು ಈ ಬೆಟ್ಟವನ್ನೂ ಶೋಧಿಸಿದರು.

ಮಾರಿಸರು ಕಂಡದ್ದನ್ನು ಕಂಡಂತೆ ಬರೆದು ಮುಂಬಯಿಗೆ ಕಳುಹಿಸುತ್ತಿದ್ದರು. ಮುಂಬಯಿಯಲ್ಲಿಯೂ ಲಂಡನ್ನಿನಲ್ಲಿಯೂ ಓದಿದವರು ಅದನ್ನು ಹೊಸ ಸಂಗತಿಯೆಂದು ಗುರುತು ಹಾಕಿಕೊಳ್ಳುತ್ತಿದ್ದರು. ಆದರೆ ಕಾಡಿನಲ್ಲಿ ಅವರ ಮುಂದೆ ನಡೆದು ಹೆಜ್ಜೆಗುರುತು ಹಿಡಿಯುತ್ತಿದ್ದವರು ಸೋಲಿಗರು. ಮುರಿದ ಹುಲ್ಲುಕಡ್ಡಿಯನ್ನು ನೋಡಿ ಕಾಟಿ ಯಾವ ಹೊತ್ತಿನಲ್ಲಿ ಹಾದುಹೋಯಿತೆಂಬುದನ್ನು ಹೇಳಬಲ್ಲವರು ಅವರು. ಅಚ್ಚಾದ ಟಿಪ್ಪಣಿಯ ಕೆಳಗೆ ತೋಟದ ದೊರೆಯ ಹೆಸರು ಬಿತ್ತು. ಪೋಡಿನ ಗುಡಿಸಿಲಿನಲ್ಲಿ ಅದೇ ಸಂಗತಿ ಸಂಜೆಯ ಒಲೆಯ ಮುಂದಿನ ಹರಟೆಯಾಗಿತ್ತು. ಈ ಬೆಟ್ಟದಿಂದ ಹೊರಟ ಬಹುಮಟ್ಟಿನ ಸುದ್ದಿಗಳ ಹಣೆಯಬರಹ ಇದೇ.

ಮಾರಿಸರ ಮಗಳ ಸಂಗತಿಯೊಂದನ್ನು ಇಲ್ಲಿಯೇ ಹೇಳಿಬಿಡಬಹುದು. ಬಿಳಿಗಿರಿಯ ಇಳಿಜಾರುಗಳಲ್ಲಿ ಓಡಾಡಿ ಬೆಳೆದ ಮೋನಿಕಾ, ಮದುವೆಯ ಬಳಿಕ ಮೋನಿಕಾ ಜಾಕ್‌ಸನ್ ಆದವರು, 1955ರಲ್ಲಿ ಇನ್ನಿಬ್ಬರು ಮಹಿಳೆಯರೊಡನೆ ನೇಪಾಳದ ಜುಗಲ್ ಹಿಮಾಲಯಕ್ಕೆ ಹೋದರು. ಹೆಂಗಸರೇ ಕೂಡಿ ನಡೆಸಿದ ಮೊಟ್ಟಮೊದಲ ಹಿಮಾಲಯ ಯಾತ್ರೆ ಅದು. ಸುಮಾರು 22,000 ಅಡಿಯ ಶಿಖರವೊಂದನ್ನು ಹತ್ತಿ, ತಮ್ಮ ಶೆರ್ಪಾ ಮುಖಂಡನ ಹೆಸರನ್ನೇ ಅದಕ್ಕೆ ಇಟ್ಟು ಬಂದರು. ಅಂದಿನ ಪತ್ರಿಕೆಗಳಿಗೆ ಇದು ಒಳ್ಳೆಯ ಮೂಲೆಸುದ್ದಿಯಾಗಿತ್ತು.

*

ಬೆಟ್ಟಕ್ಕೆ ಬರುವ ಯಾತ್ರಿಕನಿಗೆ ಮಾರಿಸರ ಸುದ್ದಿ ಗೊತ್ತಿರುವುದಿಲ್ಲ. ಅವನು ಯಳಂದೂರಿನಲ್ಲಿ ಬಸ್ಸು ಹತ್ತಿ, ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡು, ಬಿಳಿಯ ಬಂಡೆಯ ಅಂಚಿನಲ್ಲಿ ನಿಂತಿರುವ ಗುಡಿಯನ್ನು ಮುಟ್ಟುತ್ತಾನೆ. ಯಳಂದೂರಿನಲ್ಲಿ ಅರ್ಧ ಗಂಟೆ ಬಿಡುವಾದರೆ ಗೌರೀಶ್ವರನ ಗುಡಿಯ ಮುಂದಿನ ಬಳೆಮಂಟಪವನ್ನು ನೋಡಿಬರಬಹುದು. ಕಲ್ಲಿನಲ್ಲಿಯೇ ಬಳೆಬಳೆಯಾಗಿ ಕೊರೆದ ಸರಪಣಿ ಅಲ್ಲಿ ತೂಗುತ್ತದೆ.

ಶ್ರೀರಂಗದಲ್ಲಿಯೂ ಶ್ರೀರಂಗಪಟ್ಟಣದಲ್ಲಿಯೂ ಮಲಗಿರುವ ರಂಗನಾಥ ಇಲ್ಲಿ ನಿಂತಿದ್ದಾನೆ. ನಿಂತ ದೇವರಿಗೆ ಪಾದರಕ್ಷೆ ಬೇಕಷ್ಟೆ! ಒಂದೂಮುಕ್ಕಾಲು ಅಡಿ ಉದ್ದದ ಚರ್ಮದ ಜೋಡು ಈತನಿಗೆ ಉಂಟು. ರಾತ್ರಿ ರಂಗಪ್ಪ ಅದನ್ನು ಮೆಟ್ಟಿಕೊಂಡು ಕಾಡು ಸುತ್ತುತ್ತಾನೆ, ಆದ್ದರಿಂದ ಅಟ್ಟೆ ಸವೆಯುತ್ತದೆ, ಎರಡು ವರ್ಷಕ್ಕೊಮ್ಮೆ ಹೊಸದನ್ನು ಒಪ್ಪಿಸಬೇಕು ಎಂಬುದು ನಂಬಿಕೆ. ಆ ಜೋಡನ್ನು ಭಕ್ತರ ತಲೆಗೆ ಮುಟ್ಟಿಸುವ ವಾಡಿಕೆಯೂ ಇದೆ. ಮನೆಯ ಹೊಸ್ತಿಲಿನಾಚೆಗೇ ಚಪ್ಪಲಿ ಬಿಡಬೇಕೆಂದು ಮಕ್ಕಳನ್ನು ಗದರಿಸುವ ಮಡಿವಂತರು ಇಲ್ಲಿ ತಲೆಬಾಗಿಸಿ ಸರದಿಯಲ್ಲಿ ನಿಲ್ಲುತ್ತಾರೆ.

ಸೋಲಿಗರಿಗೆ ಈತ ದೇವರಷ್ಟೇ ಆಗಿ ಉಳಿದಿಲ್ಲ. ಅವರ ಕಥೆಯಂತೆ, ರಂಗನಾಥ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮೆಚ್ಚಿ ಮದುವೆಯಾದ. ಅಂದಿನಿಂದ ಆತ ಅವರಿಗೆ ಭಾವ. ಭಾವನ ಮುಂದೆ ಕೈಮುಗಿದು ನಡುಗುವ ಪದ್ಧತಿ ಕನ್ನಡನಾಡಿನ ಯಾವ ಮನೆಯಲ್ಲಿಯೂ ಇಲ್ಲ. ಹಾಸ್ಯ ಮಾಡಬಹುದು, ಕೇಳಬೇಕಾದ್ದನ್ನು ಗಟ್ಟಿಯಾಗಿ ಕೇಳಬಹುದು. ದೇವರೊಡನೆ ಇಷ್ಟು ಸಲಿಗೆಯ ನಂಟು ಪಟ್ಟಣದ ಭಕ್ತನಿಗೆ ಸೋಜಿಗ. ಅವರಿಗೆ ಅದು ಬಂಧುತ್ವದ ಸಾಮಾನ್ಯ ವಿಷಯ.

ಗುಡಿಯಿಂದ ಕಾಡಿನೊಳಕ್ಕೆ ಸಾಗಿದರೆ ಭಾರ್ಗವಿ ಹೊಳೆಯ ದಡದಲ್ಲಿ ದೊಡ್ಡ ಸಂಪಿಗೆ ಮರವಿದೆ. ಮರವೆಂದರೆ ಮನೆಯ ಹಿತ್ತಿಲಿನ ಸಂಪಿಗೆಯನ್ನು ನೆನೆದುಕೊಂಡವರಿಗೆ ಇಲ್ಲಿ ದಾರಿ ತಪ್ಪಿದಂತಾಗುತ್ತದೆ. ಬುಡವನ್ನು ತಬ್ಬಲು ಹತ್ತಾರು ಜನ ಕೈ ಕೈ ಹಿಡಿಯಬೇಕು. ವಯಸ್ಸು ಆರುನೂರು ವರ್ಷ ಎನ್ನುವವರುಂಟು, ಎರಡು ಸಾವಿರ ಎನ್ನುವವರೂ ಉಂಟು. ಸಾಮಾನ್ಯವಾಗಿ ಕಾಂಡದ ಉಂಗುರಗಳನ್ನು ಎಣಿಸಿ ಮರದ ವಯಸ್ಸನ್ನು ಹೇಳುತ್ತಾರೆ. ಅದಕ್ಕೆ ಕಡಿಯಬೇಕು, ಇಲ್ಲವೆ ಕೊರೆಯಬೇಕು. ಸೋಲಿಗರು ಬುಡದಲ್ಲಿ ಲಿಂಗಗಳನ್ನು ನಿಲ್ಲಿಸಿ ಪೂಜಿಸುವ ಮರಕ್ಕೆ ಬೈರಿಗೆ ಹಾಕುವ ಧೈರ್ಯ ಯಾರಿಗೆ ಬಂದೀತು?

ಇನ್ನು ಕಲ್ಲಿನ ಮಾತು. ಹೊನ್ನಮೇಟಿಯಲ್ಲಿ ಒಂದು ಬಂಡೆಯುಂಟು; ತಟ್ಟಿದರೆ ಲೋಹದಂತೆ ನಾದ ಕೊಡುತ್ತದೆ. ಈ ಬೆಟ್ಟಸಾಲಿನ ಮುಖ್ಯ ಶಿಲೆಯನ್ನು ಭೂಗರ್ಭಶಾಸ್ತ್ರಜ್ಞರು ಚಾರ್ನೊಕೈಟ್ ಎಂದು ಕರೆಯುತ್ತಾರೆ. ಕಲ್ಕತ್ತೆಯ ಸಂಸ್ಥಾಪಕನೆಂದು ಹೆಸರಾದ ಜಾಬ್ ಚಾರ್ನಕ್ ಎಂಬ ಆಂಗ್ಲ ವರ್ತಕನ ಗೋರಿಯ ಮೇಲಿನ ಕಲ್ಲು ಈ ಜಾತಿಯದಾದ್ದರಿಂದ 1893ರಲ್ಲಿ ಹಾಲೆಂಡ್ ಎಂಬ ವಿದ್ವಾಂಸ ಅವನ ಹೆಸರನ್ನೇ ಶಿಲೆಗೆ ಕಟ್ಟಿಬಿಟ್ಟ. ಅಲ್ಲಿಗೆ ಬಿಳಿಗಿರಿರಂಗನ ಬೆಟ್ಟದ ಕಲ್ಲು ಗಂಗಾತೀರದ ಗೋರಿಯೊಂದರ ಹೆಸರನ್ನು ಹೊತ್ತಂತಾಯಿತು. ಚಾರ್ನಕ್ ಈ ಬೆಟ್ಟದ ಹೆಸರನ್ನೂ ಕೇಳಿದ್ದಿರಲಾರನು.

*

ಹೆಸರಿಡುವ ಕೆಲಸ ಇತ್ತೀಚೆಗೆ ಸ್ವಲ್ಪ ನ್ಯಾಯವಾಗಿ ನಡೆಯುತ್ತಿದೆ. 2022ರಲ್ಲಿ ಬೆಂಗಳೂರಿನ ಅಶೋಕ ಪರಿಸರ ಸಂಶೋಧನಾ ಸಂಸ್ಥೆಯ ಕೀಟಶಾಸ್ತ್ರಜ್ಞರು ಈ ಕಾಡಿನ ಕಣಜವೊಂದನ್ನು ವಿಜ್ಞಾನಕ್ಕೆ ಹೊಸದೆಂದು ಪ್ರಕಟಿಸಿದರು. ಪತಂಗದ ಹುಳುವಿನ ಒಡಲಿನೊಳಗೆ ಮೊಟ್ಟೆಯಿಡುವ ಬಳಗಕ್ಕೆ ಸೇರಿದ ಕೀಟ. ಮೊಟ್ಟೆಯೊಡೆದ ಮರಿ ಆತಿಥೇಯನನ್ನೇ ತಿಂದು ಬೆಳೆಯುತ್ತದೆ. ಜಾತಿ ಮಾತ್ರವಲ್ಲದೆ ಕುಲವೇ ಹೊಸದಾದ್ದರಿಂದ ಕುಲಕ್ಕೆ ‘ಸೋಲಿಗ’ ಎಂದೇ ನಾಮಕರಣ ಮಾಡಿದರು. ಲ್ಯಾಟಿನ್ನಿನ ಪಟ್ಟಿಯಲ್ಲಿ ಸೋಲಿಗರ ಹೆಸರು ಸೇರಿದ್ದು ಹೀಗೆ.

ಹಕ್ಕಿಯ ವಿಷಯದಲ್ಲಿಯೂ ಇಲ್ಲಿ ಶ್ರಮದ ಕೆಲಸ ನಡೆದಿದೆ. ಬಾಲದಲ್ಲಿ ಎರಡು ಉದ್ದ ಗರಿಗಳ ಕುಚ್ಚು ಇಳಿಬಿಟ್ಟುಕೊಂಡು ಹಾರುವ ಭೀಮರಾಜ ಇತರ ಹಕ್ಕಿಗಳ ದನಿಯನ್ನು ಅನುಕರಿಸುತ್ತದೆ. ಅನುಕರಣೆ ಎಷ್ಟರ ಮಟ್ಟಿಗೆ ನಿಜವೆಂಬುದನ್ನು ತಿಳಿಯಲು ಸಂಶೋಧಕರು ಇಲ್ಲಿ ದನಿ ಮುದ್ರಿಸಿಕೊಂಡು, ಯಂತ್ರದ ಲೆಕ್ಕವನ್ನೂ ಮನುಷ್ಯರ ಕಿವಿಯ ತೀರ್ಪನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಿ, 2014ರಲ್ಲಿ ಪ್ರಬಂಧ ಪ್ರಕಟಿಸಿದರು. ಸೋಲಿಗರ ನುಡಿಯನ್ನು ಕಲಿತ ಆಂಗ್ ಸಿ ಎಂಬ ಭಾಷಾವಿಜ್ಞಾನಿ ಅವರ ಹಕ್ಕಿ, ಮರ, ಜೇನುಗಳ ತಿಳಿವಳಿಕೆಯನ್ನು ಕುರಿತು ಇಡೀ ಗ್ರಂಥವನ್ನೇ ಬರೆದಿದ್ದಾರೆ. ಜೇನೆಂದರೆ ಪಟ್ಟಣದವರಿಗೆ ಒಂದು ಸೀಸೆ. ಸೋಲಿಗರಿಗೆ ಹೆಜ್ಜೇನು, ತುಡುವೆ, ಕೋಲುಜೇನು, ನಸರಿ ಎಂದು ನಾಲ್ಕು ಬೇರೆ ಬೇರೆ ಸಂಸಾರಗಳು. ಜೇನು ಕಿತ್ತಾಗ ಒಂದು ಪಾಲನ್ನು ಹುಲಿಗೆಂದು ನೆಲದ ಮೇಲೆ ಬಿಡುತ್ತೇವೆ, ಪಾಪ ಅದಕ್ಕೆ ಜೇನಿರುವ ಮರ ಹತ್ತಲಾಗದಲ್ಲ ಎಂದು ಹೇಳುವವರು ಅವರಲ್ಲಿದ್ದಾರೆ. ಹುಲಿ ಜೇನು ತಿನ್ನುತ್ತದೆಯೆ ಎಂದು ವಾದಕ್ಕೆ ನಿಲ್ಲುವವರು ನಿಲ್ಲಲಿ. ಹುಲಿಯನ್ನು ಹುಲಿವೀರಪ್ಪನೆಂದು ಪೂಜಿಸುವ ಜನ ಅವರು.

*

ಇಲ್ಲಿಯವರೆಗಿನ ಸಂಗತಿಗಳಿಂದ ಯಾರಿಗೂ ನಷ್ಟವಿಲ್ಲ. ಮುಂದಿನದು ಹಾಗಲ್ಲ, ಅದು ನೆಲ್ಲಿಕಾಯಿಗೂ ಬೆಂಕಿಗೂ ಸಂಬಂಧಿಸಿದ್ದು.

ಉಪ್ಪಿನಕಾಯಿಯ ಜಾಡಿಗೆ ಬೀಳುವ ಬೆಟ್ಟದ ನೆಲ್ಲಿಯಲ್ಲಿ ಎರಡು ಜಾತಿಗಳು ಈ ಕಾಡಿನಲ್ಲಿವೆ. ಕಾಯಿ ಕಿತ್ತು ಮಾರುವುದು ಬಹುಕಾಲ ಸೋಲಿಗರ ಜೀವನಾಧಾರಗಳಲ್ಲೊಂದಾಗಿತ್ತು. ಈ ಮರಗಳಿಗೆ ಒಂದು ಪೀಡೆ ತಗುಲಿಕೊಂಡಿತು. ಕನ್ನಡದಲ್ಲಿ ಬಂದಳಿಕೆ, ಬದನಿಕೆ ಎಂದು ಕರೆಯುವ, ಸೋಲಿಗರು ಉಪ್ಪಿಲು ಎನ್ನುವ ಗಿಡ ಅದು. ನೆಲದಲ್ಲಿ ಬೇರು ಬಿಡುವ ಕಷ್ಟ ಅದಕ್ಕಿಲ್ಲ. ಮರದ ಕೊಂಬೆಯೊಳಕ್ಕೇ ಬೇರಿಳಿಸಿ ರಸ ಹೀರುತ್ತದೆ. ಹೆಬ್ಬೆರಳ ಗಾತ್ರದ ಪುಟ್ಟ ಹಕ್ಕಿಯೊಂದು ಅದರ ಹಣ್ಣನ್ನು ತಿಂದು, ಅಂಟು ಬೀಜವನ್ನು ಇನ್ನೊಂದು ಕೊಂಬೆಗೆ ಒರೆಸಿ ಹೋಗುತ್ತದೆ. ಈ ಹಕ್ಕಿಗೂ ಕನ್ನಡದಲ್ಲಿ ಬದನಿಕೆ ಎಂದೇ ಹೆಸರು. ಹೆಸರಿಟ್ಟ ಹಳ್ಳಿಗ ಯಾವ ಪಾಠಶಾಲೆಯಲ್ಲಿ ಸಸ್ಯಶಾಸ್ತ್ರ ಓದಿದ್ದನೋ! ಉಪ್ಪಿಲು ಹೆಚ್ಚಿದಂತೆಲ್ಲ ನೆಲ್ಲಿಯ ಫಲ ಕುಗ್ಗುತ್ತದೆ. ಕೊನೆಗೆ ಮರವೂ ಒಣಗುತ್ತದೆ.

ಸಂಶೋಧಕರು ಕಾರಣವನ್ನು ಹುಡುಕಿದರು. ಕಾಯಿ ಕೀಳುವವರು ಕೊಂಬೆ ಕಡಿಯುವುದರಿಂದ ಮರ ಕೆಡುತ್ತಿದೆಯೆ ಎಂಬುದು ಹೊರಗಿನವರ ಮೊದಲ ಶಂಕೆ. ಸೋಲಿಗರನ್ನು ಕೇಳಿದಾಗ ಬಂದ ಉತ್ತರ ಬೇರೆ: ತರಗು ಬೆಂಕಿ ನಿಂತದ್ದರಿಂದ ಹೀಗಾಯಿತು. ತರಗು ಬೆಂಕಿಯೆಂದರೆ ಬೇಸಗೆಯ ಮೊದಲಿಗೆ, ಒಣಗಿದ ಎಲೆ ಇನ್ನೂ ರಾಶಿಬೀಳುವ ಮುನ್ನ, ನೆಲದ ತರಗಿಗೆ ಕೊಡುತ್ತಿದ್ದ ಸಣ್ಣ ಉರಿ. ಮೊಳಕಾಲಿನೆತ್ತರಕ್ಕೆ ಸರಿದುಹೋಗುವ ಆ ಬೆಂಕಿಯಿಂದ ಉಪ್ಪಿಲು ಸಾಯುತ್ತಿತ್ತು, ಕಳೆಯ ಬೀಜ ಸುಡುತ್ತಿತ್ತು, ಹೊಸ ಹುಲ್ಲು ಚಿಗುರುತ್ತಿತ್ತು, ದೊಡ್ಡ ಮರಗಳು ಉಳಿಯುತ್ತಿದ್ದವು ಎಂಬುದು ಅವರ ಅನುಭವ. 1974ರಲ್ಲಿ ಕಾಡು ಅಭಯಾರಣ್ಯವಾಯಿತು, ಸೋಲಿಗರು ಪೋಡುಗಳಲ್ಲಿ ನೆಲೆನಿಂತರು, ಬೆಂಕಿ ಅಪರಾಧವಾಯಿತು. ಅಧಿಕಾರಿಗಳ ಭಯವೂ ಅಕಾರಣವಾದುದಲ್ಲ. ಏಪ್ರಿಲ್ ತಿಂಗಳಿನಲ್ಲಿ ಒಣಗಿದ ಕಾಡಿಗೆ ಕಿಡಿ ಬಿದ್ದರೆ ಏನಾಗುತ್ತದೆಂಬುದನ್ನು ಈ ಜಿಲ್ಲೆಯವರು ಕಂಡಿದ್ದಾರೆ. ಆದರೆ ಸೋಲಿಗರು ಹೇಳುತ್ತಿದ್ದುದು ಏಪ್ರಿಲ್ ತಿಂಗಳ ಬೆಂಕಿಯನ್ನಲ್ಲ.

ಬೆಂಕಿ ನಿಂತ ಕಾಡಿನಲ್ಲಿ ಲಂಟಾನ ಹಬ್ಬಿತು. ಬ್ರಿಟಿಷರು 19ನೆಯ ಶತಮಾನದ ಆರಂಭದಲ್ಲಿ ಹೂವಿನ ಚೆಲುವಿಗಾಗಿ ಕಲ್ಕತ್ತೆಯ ತೋಟಕ್ಕೆ ತಂದ ಗಿಡ ಅದು. 1997ರಿಂದ 2008ರ ಒಳಗೆ, ಈ ಕಾಡಿನಲ್ಲಿ ಸಂಶೋಧಕರು ಗುರುತಿಸಿಟ್ಟ ತಾಣಗಳಲ್ಲಿ ಲಂಟಾನ ಕಂಡ ತಾಣಗಳ ಸಂಖ್ಯೆ ಸುಮಾರು ಇಮ್ಮಡಿಯಾಯಿತು. ಮುಳ್ಳುಪೊದೆ ಆಳೆತ್ತರ ನಿಂತ ಮೇಲೆ ಹುಲ್ಲು ಬೆಳೆಯದು, ನೆಲ್ಲಿಯ ಸಸಿ ಮೇಲೇಳದು. ಕಿಡಿ ಬಿದ್ದರೆ ಉರಿ ಆ ಪೊದೆಯನ್ನೇ ಏಣಿಯಾಗಿ ಹಿಡಿದು ಮರದ ತಲೆಗೇರುತ್ತದೆ. ಸೋಲಿಗರ ಈ ಮಾತುಗಳನ್ನು ವಿಜ್ಞಾನಿಗಳು ಕೂಡಿಸಿ, ಅಳೆದು, ಹೊರನಾಡಿನ ಪತ್ರಿಕೆಗಳಲ್ಲಿ ಅಚ್ಚುಹಾಕಿಸಿದರು. ಪೋಡಿನ ಮುದುಕರಿಗೆ ಅದರಲ್ಲಿ ಹೊಸದೇನೂ ಇದ್ದಿರಲಾರದು.

ನಡುವೆ, ವನ್ಯಜೀವಿ ಕಾಯಿದೆಯ 2002ರ ತಿದ್ದುಪಡಿಯನ್ನು ಮುಂದಿಟ್ಟು, ಕಾಡಿನ ಕಾಯಿ ಜೇನುಗಳನ್ನು ಮಾರಾಟಕ್ಕಾಗಿ ಸಂಗ್ರಹಿಸುವುದನ್ನೇ ನಿಷೇಧಿಸಲಾಯಿತು. ಉಪ್ಪಿಲು ಕಂಡಾಗ ಕತ್ತರಿಸಿ ಎಸೆಯುತ್ತಿದ್ದ ಕೈಗಳು ಮರದಿಂದ ದೂರವಾದವು. ಒಲೆ ಹೊತ್ತಿಸಲು ಕೂಲಿಯನ್ನು ಹುಡುಕಿಕೊಂಡು ತೋಟಗಳಿಗೆ ಹೋದವರು ಅನೇಕರು. 2011ರ ಆರಂಭದಲ್ಲಿ ಕಾಡು ಹುಲಿ ಸಂರಕ್ಷಿತ ಪ್ರದೇಶವಾದಾಗ ಒಕ್ಕಲೆಬ್ಬಿಸುವ ಅಂಜಿಕೆ ಹುಟ್ಟಿತು. ಸೋಲಿಗರು 2006ರ ಅರಣ್ಯ ಹಕ್ಕು ಕಾಯಿದೆಯನ್ನು ಹಿಡಿದು ಅರ್ಜಿಗಳನ್ನು ಬರೆದರು. ಅದೇ ವರ್ಷದ ಕೊನೆಯ ಭಾಗದಲ್ಲಿ ಅವರ ಗ್ರಾಮಸಭೆಗಳಿಗೆ ಸಮುದಾಯದ ಹಕ್ಕುಪತ್ರ ದೊರೆಯಿತು. ಹುಲಿಗಳ ಕಾಡೊಂದರಲ್ಲಿ ಇಂಥ ಹಕ್ಕು ಮಂಜೂರಾದದ್ದು ದೇಶದಲ್ಲಿ ಅದೇ ಮೊದಲು. ಜನ ಉಳಿದರೆ ಹುಲಿ ಉಳಿಯದೆಂದವರಿದ್ದರು. 2010ರಲ್ಲಿ 35 ಇದ್ದ ಹುಲಿಗಳು 2014ರ ಗಣತಿಗೆ 68 ಆದುವೆಂದು ವರದಿಯಾಯಿತು.

ಹಕ್ಕುಪತ್ರದಿಂದ ಜೇನಿಗೂ ನೆಲ್ಲಿಗೂ ದಾರಿ ತೆರೆಯಿತು, ಬೆಂಕಿಗೆ ತೆರೆಯಲಿಲ್ಲ. ಬೇಸಗೆ ಸಮೀಪಿಸಿದಾಗ ಅರಣ್ಯ ಇಲಾಖೆ ಬೆಂಕಿರೇಖೆಗಳನ್ನು ಸವರಿಸುತ್ತದೆ. ರೇಖೆಯ ಮೇಲೆ ಹಗಲಿರುಳು ಕಾದು, ಎಲ್ಲಿಯಾದರೂ ಹೊಗೆ ಕಂಡರೆ ಹಸಿಸೊಪ್ಪು ಹಿಡಿದು ಓಡುವುದಕ್ಕೆ ದಿನಗೂಲಿಯ ಮೇಲೆ ಆಳುಗಳು ಬೇಕಾಗುತ್ತಾರೆ. ಕಾಡನ್ನು ಬಲ್ಲವರೆಂದು ಆ ಕೆಲಸಕ್ಕೆ ಸೋಲಿಗರ ಯುವಕರನ್ನೇ ಕರೆದುಕೊಳ್ಳುತ್ತಾರೆ.