ಗೇರಿನ ಒದೆತವೂ ಎಣ್ಣೆಯ ಶಾಖವೂ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಪಿಕಪ್ ಟ್ರಕ್ಕು ರೈತನ, ಬಡಗಿಯ, ಕುದುರೆ ಸಾಕುವವನ ದುಡಿಮೆಯ ವಾಹನ. ಮುಂದೆ ಕಾರಿನಂತಹ ಆಸನ, ಹಿಂದೆ ತೆರೆದ ತೊಟ್ಟಿ, ಅದರ ಬೆನ್ನಿಗೆ ಅನೇಕ ವೇಳೆ ಭಾರ ತುಂಬಿದ ಒಂದು ಎಳೆಬಂಡಿ. ಇವುಗಳಲ್ಲಿ ಬಹುಪಾಲಿಗೆ ಕ್ಲಚ್ಚಿನ ಪೆಡಲೇ ಇಲ್ಲ. ಗೇರನ್ನು ಯಂತ್ರವೇ ಬದಲಾಯಿಸಿಕೊಳ್ಳುತ್ತದೆ. ಯಾವ ವೇಗದಲ್ಲಿ ಬದಲಾಯಿಸಬೇಕು, ಎಷ್ಟು ಬಿಗಿಯಾಗಿ ಹಿಡಿಯಬೇಕು ಎಂಬುದನ್ನು ಒಂದು ಪುಟ್ಟ ಗಣಕಯಂತ್ರವು ತನ್ನ ಸ್ಮೃತಿಯಲ್ಲಿರುವ ಕೋಷ್ಟಕಗಳನ್ನು ನೋಡಿ ನಿರ್ಧರಿಸುತ್ತದೆ. ಆ ಕೋಷ್ಟಕಗಳ ಅಂಕಿಗಳನ್ನು ತಿದ್ದುವುದು ಈಗ ಆ ದೇಶದಲ್ಲಿ ಕೆಲವರಿಗೆ ವೃತ್ತಿ, ಹಲವರಿಗೆ ಹವ್ಯಾಸ. ತಿದ್ದುವುದಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ತಿದ್ದಿದ್ದು ಸರಿಹೋಯಿತೇ ಎಂಬುದನ್ನು ಗೇರು ಬಿದ್ದಾಗ ಬೆನ್ನಿಗೆ ತಾಗುವ ಒದೆತದಿಂದ ಅಳೆಯುವ ವಾಡಿಕೆಯೊಂದು ಬೆಳೆದಿದೆಯಲ್ಲ, ಅದನ್ನು ಮಾತ್ರ ಒಪ್ಪಲಾರೆವು.

ಮೊದಮೊದಲಿನ ಸ್ವಯಂಚಾಲಿತ ಗೇರುಪೆಟ್ಟಿಗೆಗಳಲ್ಲಿ ಯೋಚಿಸುತ್ತಿದ್ದದ್ದು ಎಣ್ಣೆಯೇ. ಜನರಲ್ ಮೋಟಾರ್ಸ್ ಸಂಸ್ಥೆಯು 1940ರ ಮಾದರಿಯ ಓಲ್ಡ್ಸ್‌ಮೊಬೀಲ್ ಕಾರುಗಳಲ್ಲಿ ಇಟ್ಟ ಹೈಡ್ರಾಮ್ಯಾಟಿಕ್ ಪೆಟ್ಟಿಗೆಯಲ್ಲಿ, ವಾಹನದ ವೇಗದೊಡನೆ ಏರುವ ಎಣ್ಣೆಯ ಒತ್ತಡವು ಕವಾಟದ ಒಂದು ಕಡೆಯಿಂದಲೂ, ಚಾಲಕನ ಪಾದದೊಡನೆ ಏರುವ ಒತ್ತಡವು ಇನ್ನೊಂದು ಕಡೆಯಿಂದಲೂ ಜಟ್ಟಿಗಳಂತೆ ಸೆಣಸುತ್ತಿದ್ದುವು. ಗೆದ್ದವನ ಕಡೆಗೆ ಗೇರು. ಅಂದಿನ ತಿದ್ದುಗಾರನಿಗೆ ಸ್ಪ್ರಿಂಗು ಮತ್ತು ತೂಕಗಳನ್ನು ಬದಲಾಯಿಸುವುದಲ್ಲದೆ ಬೇರೆ ದಾರಿಯಿರಲಿಲ್ಲ. ಫೋರ್ಡ್ ಸಂಸ್ಥೆಯ ಇ4ಒಡಿ 1989ರಲ್ಲಿ ಬಂದಿತು. ಜನರಲ್ ಮೋಟಾರ್ಸಿನ 4ಎಲ್80-ಇ 1991ರಲ್ಲೂ, ಅದರ ಹಗುರವಾದ ತಮ್ಮ 4ಎಲ್60-ಇ 1993ರಲ್ಲೂ ಟ್ರಕ್ಕುಗಳನ್ನು ಸೇರಿದುವು. ಹೆಸರಿನಲ್ಲಿರುವ ‘ಇ’ ಎಂದರೆ ಎಲೆಕ್ಟ್ರಾನಿಕ್. ಆದರೆ ವಾಚಕರು ಇಲ್ಲಿ ಒಂದು ಮಾತನ್ನು ಗಮನಿಸಬೇಕು. ನಿರ್ಧಾರ ಮಾತ್ರ ಎಣ್ಣೆಯಿಂದ ಗಣಕಕ್ಕೆ ಹೋಯಿತು. ದುಡಿಮೆ ಇಂದಿಗೂ ಎಣ್ಣೆಯದೇ.

4ಎಲ್60-ಇ ಪೆಟ್ಟಿಗೆಯಲ್ಲಿ ಗೇರನ್ನು ಆಯುವುದಕ್ಕೆ ಎರಡೇ ಎರಡು ಸೊಲೆನಾಯ್ಡುಗಳಿವೆ. ಸೊಲೆನಾಯ್ಡು ಎಂದರೆ ವಿದ್ಯುತ್ ಹರಿದಾಗ ಕವಾಟವನ್ನು ಸೆಳೆಯುವ ತಂತಿಯ ಸುರುಳಿ. ಎರಡೂ ಹತ್ತಿದ್ದರೆ ಮೊದಲನೆಯ ಗೇರು. ಮೊದಲನೆಯ ಸುರುಳಿ ಆರಿದರೆ ಎರಡನೆಯ ಗೇರು. ಎರಡೂ ಆರಿದರೆ ಮೂರನೆಯದು. ಮೊದಲನೆಯದು ಮಾತ್ರ ಹತ್ತಿದ್ದರೆ ನಾಲ್ಕನೆಯದು. ಎರಡು ದೀಪಗಳಿಂದ ನಾಲ್ಕು ಸಂಜ್ಞೆ! ಎಣ್ಣೆಯ ಒತ್ತಡವನ್ನು ಆಳುವುದು ಬೇರೊಂದು ಸುರುಳಿ. ಅದರ ನಡೆ ನಾವು ಊಹಿಸುವುದಕ್ಕೆ ವಿರುದ್ಧವಾದದ್ದು: ಅದರಲ್ಲಿ ಸುಮಾರು 1.1 ಆಂಪಿಯರ್ ವಿದ್ಯುತ್ ಹರಿದಾಗ ಒತ್ತಡ ಅತಿ ಕಡಿಮೆ. ವಿದ್ಯುತ್ ನಿಂತರೆ ಒತ್ತಡ ಪೂರ್ಣ. ತಂತಿ ಕಡಿದುಹೋದರೂ ಕ್ಲಚ್ಚುಗಳು ಜಾರದೆ ಬಿಗಿಯಾಗಿಯೇ ಹಿಡಿಯಲಿ, ಮೂರನೆಯ ಗೇರಿನಲ್ಲಾದರೂ ಚಾಲಕನು ಮನೆ ಸೇರಲಿ ಎಂಬ ಮುಂದಾಲೋಚನೆ ಇದು. ಈ ಒಂದು ಏರ್ಪಾಡಿಗಾಗಿ ಅದನ್ನು ರೂಪಿಸಿದವರಿಗೆ ಕೈಮುಗಿಯಬೇಕು.

ಇನ್ನು ಒದೆತದ ವಿಚಾರ. ಈ ಪೆಟ್ಟಿಗೆಯ ಮೊದಲನೆಯ ಗೇರಿನ ಪ್ರಮಾಣ 3.06, ಎರಡನೆಯದು 1.63. ಎಂಜಿನು ನಿಮಿಷಕ್ಕೆ 4,000 ಸುತ್ತು ತಿರುಗುತ್ತಿರುವಾಗ ಗೇರು ಬದಲಾದರೆ ಅದು ಸುಮಾರು 2,130 ಸುತ್ತಿಗೆ ಇಳಿಯಲೇಬೇಕು. ಟ್ರಕ್ಕಿನ ವೇಗವಾದರೋ ಆ ಕ್ಷಣದಲ್ಲಿ ಹೆಚ್ಚು ಕಡಿಮೆ ಹಾಗೆಯೇ ಇರುತ್ತದೆ. ಉಳಿದ 1,870 ಸುತ್ತುಗಳ ಶಕ್ತಿ ಎಲ್ಲಿಗೆ ಹೋಗಬೇಕು? ಡ್ರಮ್ಮನ್ನು ಸುತ್ತಿ ಬಿಗಿಯುವ ಬ್ಯಾಂಡು ಜಾರುತ್ತ ಹಿಡಿಯುವಾಗ ಅದರ ಬಹುಭಾಗ ಶಾಖವಾಗಿ ಪರಿಣಮಿಸುತ್ತದೆ. ಒತ್ತಡ ಸಾಲದೆ ನಿಧಾನವಾಗಿ ಹಿಡಿದರೆ ಎಂಜಿನು ಆ ಹೊತ್ತೆಲ್ಲ ಜಾರಿಕೆಗೆ ಶಕ್ತಿಯನ್ನು ಉಣಿಸುತ್ತಲೇ ಇರುತ್ತದೆ. ಬ್ಯಾಂಡಿನ ಮೇಲ್ಮೈ ಸುಡುತ್ತದೆ. ಒತ್ತಡ ಮಿತಿಮೀರಿ ಥಟ್ಟನೆ ಹಿಡಿದರೆ ಶಾಖ ಕಡಿಮೆಯಾಗುತ್ತದೆ ನಿಜ, ಆದರೆ ಪೆಟ್ಟು ಲೋಹದ ಮೇಲೆ ಬೀಳುತ್ತದೆ. ಇದೇ ಪೆಟ್ಟಿಗೆಯಲ್ಲಿ ಸೂರ್ಯಗೇರಿಗೆ ಶಕ್ತಿಯನ್ನು ಒಯ್ಯುವ ಚಿಪ್ಪಿನಾಕಾರದ ಭಾಗವೊಂದುಂಟು; ಬಿರಿಯುವುದರಲ್ಲಿ ಅದು ದುರಸ್ತಿಗಾರರಲ್ಲಿ ಹೆಸರಾದದ್ದು. ಅದು ಬಿರಿದರೆ ಎರಡನೆಯ ಗೇರೂ ನಾಲ್ಕನೆಯದೂ ಹಿಮ್ಮುಖದ ಗೇರೂ ಒಟ್ಟಿಗೆ ಇಲ್ಲವಾಗುತ್ತವೆ. ಗೇರು ಬೀಳುವ ಮುಹೂರ್ತದಲ್ಲಿ ಕಾರ್ಖಾನೆಯ ಗಣಕವು ಕಿಡಿಯನ್ನು ತುಸು ತಡಮಾಡಿ ಎಂಜಿನಿನ ತಿರುಚುಬಲವನ್ನು ತಗ್ಗಿಸುವುದು ಈ ಎರಡು ಕೇಡುಗಳನ್ನೂ ತಪ್ಪಿಸುವುದಕ್ಕಾಗಿಯೇ. ಅದನ್ನು ‘ಕದ್ದ ಕುದುರೆಶಕ್ತಿ’ ಎಂದು ದೂರಿ ತೆಗೆದುಹಾಕಿಸುವವರು ಯಾವ ಲಾಭಕ್ಕಾಗಿ ಯಾವುದನ್ನು ತೆರುತ್ತಿದ್ದಾರೆಂದು ಲೆಕ್ಕ ಹಾಕಿದಂತೆ ಕಾಣುವುದಿಲ್ಲ.

ಎಲ್ಲ ಚೌಕಗಳಲ್ಲೂ ಒತ್ತಡವನ್ನು ತುಟ್ಟತುದಿಗೆ ಏರಿಸಿಬಿಡುವುದರಲ್ಲಿ ಇನ್ನೊಂದು ಅನರ್ಥವಿದೆ. ನಮಗೆ ಇದೇ ಹೆಚ್ಚಿನದಾಗಿ ತೋರುತ್ತದೆ. ಗಣಕವು ಪ್ರತಿಯೊಂದು ಬದಲಾವಣೆಗೂ ಹಿಡಿದ ಕಾಲವನ್ನು ಎಣಿಸುತ್ತದೆ. ಗೊತ್ತುಪಡಿಸಿದ್ದಕ್ಕಿಂತ ಹೆಚ್ಚು ಕಾಲ ಹಿಡಿದರೆ ಮುಂದಿನ ಸಲ ಒತ್ತಡವನ್ನು ಸ್ವಲ್ಪ ಕೂಡಿಸಿ, ಕೂಡಿಸಿದ್ದನ್ನು ಬರೆದಿಟ್ಟುಕೊಳ್ಳುತ್ತದೆ. ಈ ಕೂಡಿಕೆಯ ಅಂಕಿ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಕ್ಲಚ್ಚು ಸವೆಯುತ್ತಿದೆಯೆಂದೋ ಸೀಲು ಸೋರುತ್ತಿದೆಯೆಂದೋ ಅರ್ಥ. ಅದು ರೋಗಿಯ ಹಾಸಿಗೆಯ ಬಳಿ ತೂಗುಹಾಕಿದ ಜ್ವರದ ಪಟ್ಟಿಯಿದ್ದಂತೆ. ಪೂರ್ಣ ಒತ್ತಡದ ತಿದ್ದುಪಡಿ ಆ ಪಟ್ಟಿಯನ್ನೇ ಹರಿದೆಸೆಯುತ್ತದೆ. ಕಡ್ಡಿಯನ್ನೆತ್ತಿ ನೋಡಿದಾಗ ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಹೊಡೆಯುತ್ತಿದ್ದರೆ, ಆ ಟ್ರಕ್ಕಿಗೆ ಬೇಕಾದದ್ದು ಪೆಟ್ಟಿಗೆ ಬಿಚ್ಚುವ ಮೇಸ್ತ್ರಿ.

ಹಾಗೆಂದು ಕಾರ್ಖಾನೆಯ ಕೋಷ್ಟಕವೇ ವೇದವಾಕ್ಯವೆಂದು ಯಾರೂ ತಿಳಿಯಬೇಕಾಗಿಲ್ಲ. ಅದು ಇಂಧನದ ಮಿತವ್ಯಯಕ್ಕೂ ಪ್ರಯಾಣದ ಸುಖಕ್ಕೂ ಭಾರದ ಕೆಲಸಕ್ಕೂ ನಡುವೆ ಮಾಡಿಕೊಂಡ ರಾಜಿ. ಲಕ್ಷ ಟ್ರಕ್ಕುಗಳಿಗೆ ಹೊಲಿದ ಒಂದೇ ಅಂಗಿ. ಡೆನ್ವರ್ ನಗರದಿಂದ ಪಶ್ಚಿಮಕ್ಕೆ ಹೊರಟು, 1973ರಲ್ಲಿ ತೆರೆದ ಐಸೆನ್‌ಹೋವರ್ ಸುರಂಗಕ್ಕೆ ಎಳೆಬಂಡಿಯೊಡನೆ ಏರುವವನ ಪಾಡನ್ನು ನೆನೆಯಿರಿ. ನಗರವು ಸುಮಾರು 1,600 ಮೀಟರ್ ಎತ್ತರದಲ್ಲಿದೆ, ಸುರಂಗವು ಸುಮಾರು 3,400ರಲ್ಲಿ. ಅಲ್ಲಿನ ಗಾಳಿಯ ಸಾಂದ್ರತೆ ಸಮುದ್ರಮಟ್ಟದ್ದಕ್ಕಿಂತ ನೂರಕ್ಕೆ ಸುಮಾರು 30ರಷ್ಟು ಕಡಿಮೆ; ಬರಿಯ ಉಸಿರಿನ ಎಂಜಿನು ಅದೇ ಪ್ರಮಾಣದಲ್ಲಿ ಸೊರಗುತ್ತದೆ. ಚಾಲಕನು ಪಾದವನ್ನು ಒತ್ತುತ್ತಾನೆ, ಗೇರು ಮೂರಕ್ಕೆ ಇಳಿಯುತ್ತದೆ, ತುಸು ಸಡಿಲಿಸುತ್ತಾನೆ, ನಾಲ್ಕಕ್ಕೆ ಏರುತ್ತದೆ, ಮತ್ತೆ ಇಳಿಯುತ್ತದೆ. ಈ ಉಯ್ಯಾಲೆಯ ಒಂದೊಂದು ಜೀಕಿನಲ್ಲೂ ಜಾರಿಕೆ, ಒಂದೊಂದರಲ್ಲೂ ಶಾಖ. ಸಾಲದುದಕ್ಕೆ, ಎದುರುಬದುರಾಗಿಟ್ಟ ಬೀಸಣಿಗೆಗಳಂತೆ ಎಣ್ಣೆಯ ಮೂಲಕವೇ ಬಲವನ್ನು ದಾಟಿಸುವ ಟಾರ್ಕ್ ಕನ್ವರ್ಟರು ತನ್ನ ಒಳಗಿನ ಬೀಗದ ಕ್ಲಚ್ಚನ್ನು ಪದೇ ಪದೇ ಬಿಡಿಸಿಕೊಂಡು ಎಣ್ಣೆಯನ್ನು ಕಾಯಿಸುತ್ತದೆ. ಏರುವ ವೇಗಕ್ಕೂ ಇಳಿಯುವ ವೇಗಕ್ಕೂ ನಡುವಣ ಅಂತರವನ್ನು ಹಿಗ್ಗಿಸಿ, ಮೂರನೆಯ ಗೇರಿನಲ್ಲೇ ಬೀಗ ಹಾಕಿ ಏರುವಂತೆ ತಿದ್ದಿದರೆ ಚಾಲಕನ ಬೆನ್ನಿಗೆ ಏನೂ ತಿಳಿಯುವುದಿಲ್ಲ, ಎಣ್ಣೆಗೆ ತಿಳಿಯುತ್ತದೆ. ನಮ್ಮ ದೃಷ್ಟಿಯಲ್ಲಿ ಇದೇ ಉತ್ತಮವಾದ ತಿದ್ದುಪಡಿ.

ಗಾಲಿಗಳದೂ ಇದೇ ಕಥೆ. 31 ಅಂಗುಲದ ಗಾಲಿ ತೆಗೆದು 35 ಅಂಗುಲದ್ದನ್ನು ಹಾಕಿಸಿದವನ ಟ್ರಕ್ಕು, ಮಾಪಕವು 100 ತೋರಿಸುವಾಗ 113ರ ವೇಗದಲ್ಲಿ ಓಡುತ್ತಿರುತ್ತದೆ. ಗಣಕವು ಎಣಿಸುವುದು ದಂಡದ ಸುತ್ತುಗಳನ್ನು. ಗಾಲಿ ಬೆಳೆದದ್ದು ಹೇಳದಿದ್ದರೆ ಅದಕ್ಕೆ ಹೇಗೆ ತಿಳಿದೀತು? ಆದಕಾರಣ ಒಂದು ಟ್ರಕ್ಕಿಗಾಗಿ ಸಿದ್ಧಪಡಿಸಿದ ಅಂಕಿಗಳನ್ನು ನೂರು ಟ್ರಕ್ಕುಗಳಿಗೆ ಮಾರುವ ವ್ಯಾಪಾರ ನಮಗೆ ಸರಿಕಾಣದು. ಆಂಗ್ಲರು ಈ ಕೆಲಸಕ್ಕೆ ಬಳಸುವ ಶಬ್ದವೂ ವಾದ್ಯಕ್ಕೆ ಶ್ರುತಿ ಸೇರಿಸುವುದಕ್ಕೆ ಬಳಸುವ ಶಬ್ದವೂ ಒಂದೇ. ತಂಬೂರಿಯ ಬಿರಡೆಗೆ ಕೈಹಾಕುವವನು ಮೊದಲು ಆ ತಂಬೂರಿಗೆ ಕಿವಿಗೊಡುತ್ತಾನಷ್ಟೆ.

ತಯಾರಕರ ಮೇಲೂ ಒಂದು ಮಾತಿದೆ. ಕೋಷ್ಟಕಗಳಿಗೆ ಬೀಗ ಹಾಕಿಡುವುದರಿಂದ ತಿದ್ದುವವರು ನಿಲ್ಲಲಿಲ್ಲ. ಕತ್ತಲಲ್ಲಿ ತಿದ್ದುವವರು ಹೆಚ್ಚಿದರು. ಅಮೆರಿಕದ ಕಾಂಗ್ರೆಸ್ ಗ್ರಂಥಾಲಯದ ಮುಖ್ಯಸ್ಥರು 2015ರಲ್ಲಿ ಕೃತಿಸ್ವಾಮ್ಯದ ಕಾನೂನಿಗೆ ವಿನಾಯಿತಿಯೊಂದನ್ನು ಕೊಟ್ಟು, ವಾಹನದ ಗಣಕದ ಬೀಗವನ್ನು ರೋಗಪರೀಕ್ಷೆಗೂ ದುರಸ್ತಿಗೂ ನ್ಯಾಯಬದ್ಧ ಮಾರ್ಪಾಟಿಗೂ ತೆರೆಯಬಹುದೆಂದರು. ವಾಯುಮಾಲಿನ್ಯದಂತಹ ಇತರ ಕಾನೂನುಗಳನ್ನು ಮೀರಕೂಡದೆಂಬ ಕಟ್ಟೂ ಜೊತೆಗಿತ್ತು. ಮುಂದಿನ ಪರಿಶೀಲನೆಗಳಲ್ಲಿಯೂ ಆ ವಿನಾಯಿತಿ ಉಳಿದುಬಂದಿದೆ. ಬೀಗ ತೆರೆಯುವ ಅನುಮತಿಯಷ್ಟೇ ಸಾಲದು. ಪ್ರತಿಯೊಂದು ಕೋಷ್ಟಕವೂ ಏತಕ್ಕಾಗಿ ಇದೆ, ಅದರ ಎಲ್ಲೆಯೇನು ಎಂಬುದನ್ನು ತಯಾರಕರೇ ಅಚ್ಚು ಹಾಕಿಸಿ ಕೊಡಬೇಕು. ಹಿಂದೆ ಸ್ಪ್ರಿಂಗುಗಳ ಅಳತೆಯನ್ನು ದುರಸ್ತಿಯ ಕೈಪಿಡಿಗಳಲ್ಲಿ ಕೊಡುತ್ತಿರಲಿಲ್ಲವೇ?

ಟ್ರಕ್ಕಿನ ಒಡೆಯನು ತನ್ನ ತಿದ್ದುಗಾರನಿಂದ ಕೇಳಿ ಪಡೆಯತಕ್ಕದ್ದು ಎರಡು ದಾಖಲೆಗಳನ್ನು: ತಿದ್ದುವುದಕ್ಕೆ ಮುಂಚಿನದೊಂದು, ತಿದ್ದಿದ ಮೇಲಿನದೊಂದು. ಅದೇ ದಿಣ್ಣೆ, ಅದೇ ಎಳೆಬಂಡಿ, ಸಾಧ್ಯವಾದರೆ ಅದೇ ಹೊತ್ತು. ಎರಡರಲ್ಲೂ ಎಣ್ಣೆಯ ಉಷ್ಣತೆ, ಪ್ರತಿಯೊಂದು ಬದಲಾವಣೆಗೆ ಹಿಡಿದ ಕಾಲ, ಕನ್ವರ್ಟರಿನ ಜಾರಿಕೆ, ಗಣಕವು ಕೂಡಿಸಿಕೊಂಡ ಒತ್ತಡ ಇವಿಷ್ಟೂ ಇರಬೇಕು. ಒಂದು ಸಲಕ್ಕೆ ಒಂದೇ ಕೋಷ್ಟಕವನ್ನು ಮುಟ್ಟಿರಬೇಕು. ದಾಖಲೆಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸುವವನಿಗೆ ಕೇಳಿದಷ್ಟು ಕೊಡಲಿ. ‘ಒಂದು ಸುತ್ತು ಓಡಿಸಿ ನೋಡಿ, ಹೇಗೆ ಒದೆಯುತ್ತದೆ!’ ಎಂದು ಬೀಗದ ಕೈ ನೀಡುವವನಿಗೆ ನಮಸ್ಕಾರ ಹೇಳಿ ಹೊರಟುಬರಲಿ.