ಬಲಶಾಲಿಗಳೆಲ್ಲ ಸೇರಿದರೆ ತಂಡವಾಗದು

ಕಳೆದ ರಮಝಾನಿನ ಕೊನೆಯ ವಾರ ಕುಷ್ಟಗಿಯಲ್ಲಿರುವ ನನ್ನ ಚಾಚಾನ ಮಗಳ ಮನೆಗೆ ಇಫ್ತಾರ್‌ಗೆ ಹೋಗಿದ್ದೆ. ಮಗ್ರಿಬ್ ನಮಾಝ್ ಮುಗಿಸಿ ಪಾತ್ರೆ ಎತ್ತಿಡಲೆಂದು ಅಡುಗೆಮನೆಗೆ ಹೋದಾಗ ಅವಳು ಬಾಗಿಲು ಮುಂದೆ ಮಾಡಿ ಅಳತೊಡಗಿದಳು.

"ಆಪಾ, ಇವನು ಫೋನಿನ ಆಟಕ್ಕೆ ಸಾವಿರದ ಆರುನೂರು ರೂಪಾಯಿ ಹಾಕಿಬಿಟ್ಟಿದ್ದಾನೆ. ಅವರಿಗೆ ಇನ್ನೂ ಹೇಳಿಲ್ಲ. ರೇಷನ್ನಿನ ದುಡ್ಡಿನಲ್ಲಿ ಉಳಿಸಿ ತುಂಬಿಸುತ್ತಾ ಇದ್ದೇನೆ. ಗೊತ್ತಾದರೆ ಇವನ ಶಾಲೆ ಬಿಡಿಸಿ ಗ್ಯಾರೇಜಿಗೆ ಹಾಕುತ್ತಾರೆ."

ಅವಳ ಗಂಡ ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದಾರೆ. ಗುರುವಾರ ರಾತ್ರಿ ಬಂದು ಜುಮಾ ಮುಗಿಸಿ ಮರಳುತ್ತಾರೆ. ಹುಡುಗ ಒಂಬತ್ತನೇ ತರಗತಿ. ಓದಿನಲ್ಲಿ ಹಿಂದೆ ಬಿದ್ದವನಲ್ಲ. "ನೀನು ಟೀಚರ್, ಸ್ವಲ್ಪ ಬುದ್ಧಿ ಹೇಳು" ಎಂದಳು.

ನಾನು ಬುದ್ಧಿ ಹೇಳಲೆಂದೇ ಹೋಗಿ ಅವನ ಪಕ್ಕದಲ್ಲಿ ಕುಳಿತೆ. ಆದರೆ ಇಪ್ಪತ್ತು ವರ್ಷ ಮಕ್ಕಳ ಮುಂದೆ ನಿಂತವಳಿಗೆ ಒಂದು ವಿಷಯ ಗೊತ್ತು. ಏನೆಂದು ತಿಳಿಯದೆ ಬೈದರೆ ಆ ಬೈಗುಳ ಕಿವಿಯವರೆಗೆ ಮಾತ್ರ ಹೋಗುತ್ತದೆ. ಹಾಗಾಗಿ "ಇದು ಏನು ಆಟ, ನನಗೂ ಹೇಳಿಕೊಡು" ಎಂದೆ. ಹುಡುಗ ಅನುಮಾನದಿಂದ ನೋಡಿ, ನಂತರ ನಿಧಾನವಾಗಿ ಬಾಯಿ ಬಿಟ್ಟ.

ಆಟದ ಹೆಸರು ಪೋಕೆಮಾನ್ ಗೋ. ಪೋಕೆಮಾನ್ ಎಂದರೆ ಕಿಸೆಯೊಳಗಿನ ವಿಚಿತ್ರ ಪ್ರಾಣಿಗಳು. ಜಪಾನಿನ ಸತೋಷಿ ತಜಿರಿ ಎಂಬವರು ಬಾಲ್ಯದಲ್ಲಿ ಹುಳುಹುಪ್ಪಟೆ ಹಿಡಿದು ಕೂಡಿಡುತ್ತಿದ್ದರಂತೆ. ಆ ಗೀಳೇ 1996ರಲ್ಲಿ ಆಟವಾಯಿತು. ಟಿ.ವಿ.ಯ ಕಾರ್ಟೂನಿನಲ್ಲಿ ಬರುವ ಹಳದಿ ಪಿಕಾಚುವನ್ನು ನಮ್ಮ ಮಕ್ಕಳೆಲ್ಲ ಬಲ್ಲರು. ಫೋನಿನ ಪೋಕೆಮಾನ್ ಗೋ 2016ರ ಡಿಸೆಂಬರ್‌ನಲ್ಲಿ ಭಾರತಕ್ಕೆ ಬಂತು. ಮೊದಲು ಅದು ಓಣಿ ಓಣಿ ಸುತ್ತಿ ಪ್ರಾಣಿ ಹಿಡಿಯುವ ಆಟವಾಗಿತ್ತು. 2020ರಿಂದ ಅದರಲ್ಲಿ ಲೀಗ್ ಪಂದ್ಯಗಳು ಶುರುವಾದವು. ಕುಷ್ಟಗಿಯ ಹುಡುಗ ಮನೆಯಲ್ಲೇ ಕುಳಿತು ಯಾವುದೋ ದೇಶದ ಅಪರಿಚಿತನ ತಂಡದ ಎದುರು ತನ್ನ ತಂಡವನ್ನು ಇಳಿಸಬಹುದು.

ನಿಯಮ ಸರಳ. ಒಬ್ಬೊಬ್ಬರ ಬಳಿ ಮೂರು ಪ್ರಾಣಿಗಳು. ಎದುರಾಳಿಯ ಪೆಟ್ಟು ತಡೆಯಲು ಎರಡು ಗುರಾಣಿಗಳು. ಪ್ರಾಣಿಗಳಲ್ಲಿ ನೀರು, ಬೆಂಕಿ, ಹುಲ್ಲು, ವಿದ್ಯುತ್, ಬಂಡೆ, ಉಕ್ಕು ಎಂದು 18 ಟೈಪ್‌ಗಳಿವೆ. ನೀರು ಬೆಂಕಿಯನ್ನು ಆರಿಸುತ್ತದೆ, ಬೆಂಕಿ ಹುಲ್ಲನ್ನು ಸುಡುತ್ತದೆ, ಹುಲ್ಲು ನೀರನ್ನು ಹೀರುತ್ತದೆ. ಕೆಲವು ಪ್ರಾಣಿಗಳಿಗೆ ಎರಡೆರಡು ಟೈಪ್. ಎದುರಾಳಿಗೆ ಆಗದ ಟೈಪಿನ ಪೆಟ್ಟು ಕೊಟ್ಟರೆ ಅದರ ಬಲ 1.6 ಪಟ್ಟಾಗುತ್ತದೆ. ಎರಡೂ ಟೈಪಿಗೆ ಆಗದ ಪೆಟ್ಟಾದರೆ 2.56 ಪಟ್ಟು. ಹುಡುಗ ಈ ಲೆಕ್ಕವನ್ನು ಬಾಯಲ್ಲೇ ಮಾಡಿದ. ದಶಮಾಂಶದ ಗುಣಾಕಾರ ಎಂದರೆ ಶಾಲೆಯಲ್ಲಿ ಮುಖ ಮುರಿಯುವ ವಯಸ್ಸು ಅದು!

"ಸರಿ, ನಿನ್ನ ತಂಡ ತೋರಿಸು" ಎಂದೆ. ಹೆಮ್ಮೆಯಿಂದ ತೋರಿಸಿದ. ಚಾರಿಝಾರ್ಡ್, ಮೋಲ್ಟ್ರೆಸ್, ಹೋ-ಓ. ಮೂರೂ ಬೆಂಕಿಯ ರೆಕ್ಕೆಗಳ ದೈತ್ಯರು. ಅವುಗಳಲ್ಲಿ ಎರಡನ್ನು ಹಿಡಿಯಲು ದೂರದ ಊರಿನ ಆಟಗಾರರ ಜೊತೆ ಸೇರಬೇಕಿತ್ತಂತೆ. ಅದಕ್ಕೆ ಪಾಸ್ ಕೊಳ್ಳಬೇಕು. ಅಬ್ಬಾನ ಹಣ ಹೋದದ್ದು ಅಲ್ಲಿಗೆ.

"ಗೆಲ್ಲುತ್ತೀಯಾ?"

ಹುಡುಗ ತಲೆ ತಗ್ಗಿಸಿದ. "ಸೋಲೇ ಹೆಚ್ಚು, ಖಾಲಾ."

"ಈ ಮೂವರನ್ನೂ ಹೊಡೆದು ಹಾಕುವವನು ಒಬ್ಬನೇ ಇದ್ದಾನಾ?"

"ಬಂಡೆ. ಮೂರೂ ಬೆಂಕಿ ಮತ್ತು ಹಾರುವ ಟೈಪ್. ಬಂಡೆಯ ಪೆಟ್ಟು ಮೂವರಿಗೂ 2.56 ಪಟ್ಟು ಬೀಳುತ್ತದೆ. ಗೊತ್ತು ಖಾಲಾ, ಆದರೆ ಇವು ಎಲ್ಲಕ್ಕಿಂತ ದೊಡ್ಡವು."

ಸಹೋದರಿಯರೇ, ಗೊತ್ತಿದ್ದೂ ದೊಡ್ಡದರ ಹಿಂದೆ ಹೋಗುವುದು ಹುಡುಗರ ರೋಗ ಮಾತ್ರವಲ್ಲ. ಮದುವೆಯ ಖರ್ಚಿನಲ್ಲಿ, ಮನೆ ಕಟ್ಟಿಸುವುದರಲ್ಲಿ ನಾವೂ ಅದನ್ನೇ ಮಾಡುತ್ತೇವೆ.

ತಂಡ ಕಟ್ಟುವ ರೀತಿ ಬೇರೆಯೇ ಇದೆ ಎಂದು ಅವನೇ ಹೇಳಿದ. ಗ್ರೇಟ್ ಲೀಗ್ ಎಂಬ ಪಂದ್ಯದಲ್ಲಿ ಯಾವ ಪ್ರಾಣಿಯ ಒಟ್ಟು ಅಂಕವೂ 1500 ದಾಟುವಂತಿಲ್ಲ. ಅಲ್ಲಿ ದೈತ್ಯನೂ ಸಣ್ಣವನೂ ಒಂದೇ ತಕ್ಕಡಿಯಲ್ಲಿ. ಗೆಲ್ಲುವುದು ಹೊಂದಿಕೆ. ಉದಾಹರಣೆಗೆ ಅಝುಮರಿಲ್ ಎಂಬ ನೀಲಿ ಮೊಲದಂಥ ಪ್ರಾಣಿಗೆ ಹುಲ್ಲು, ವಿಷ, ವಿದ್ಯುತ್ ಆಗುವುದಿಲ್ಲ. ಅದರ ಜೊತೆ ಸ್ಕಾರ್ಮರಿ ಎಂಬ ಉಕ್ಕಿನ ಹಕ್ಕಿಯನ್ನು ಇಟ್ಟರೆ ಹುಲ್ಲು ಮತ್ತು ವಿಷದ ಪೆಟ್ಟನ್ನು ಅದು ಸುಲಭವಾಗಿ ತಿಂದುಕೊಳ್ಳುತ್ತದೆ. ಹಕ್ಕಿಗೆ ಬೆಂಕಿ ಆಗದು, ಆದರೆ ಬೆಂಕಿಯನ್ನು ಅಝುಮರಿಲ್ ಆರಿಸುತ್ತದೆ. ಉಳಿದದ್ದು ವಿದ್ಯುತ್. ಅದು ಇಬ್ಬರಿಗೂ ಆಗದು. ಆದ್ದರಿಂದ ಮೂರನೆಯದಾಗಿ ಮಣ್ಣಿನ ಗುಣವುಳ್ಳ ಸ್ವಾಂಪರ್ಟ್. ಮಣ್ಣಿಗೆ ಸಿಡಿಲು ಏನು ಮಾಡೀತು?

"ಹಾಗಾದರೆ ಈ ತಂಡ ಸೋಲುವುದೇ ಇಲ್ಲವಾ?"

"ಸೋಲುತ್ತೆ ಖಾಲಾ. ಅಝುಮರಿಲ್, ಸ್ವಾಂಪರ್ಟ್ ಇಬ್ಬರಿಗೂ ಹುಲ್ಲು ಆಗದು. ಸ್ಕಾರ್ಮರಿ ಬೇಗ ಬಿದ್ದರೆ ಮುಗೀತು. ಅದಕ್ಕೇ ಅದನ್ನು ಕಾಪಾಡಿಕೊಳ್ಳಬೇಕು."

ಕೊರತೆಯಿಲ್ಲದ ತಂಡವೇ ಇಲ್ಲ. ಯಾರ ಕೊರತೆಯನ್ನು ಯಾರು ಮುಚ್ಚುತ್ತಾರೆ, ಯಾರ ಮೇಲೆ ಹೆಚ್ಚು ಭಾರ ಬೀಳುತ್ತದೆ ಎಂದು ತಿಳಿದಿರುವುದೇ ತಂಡ. ಇದರ ಜೊತೆಗೆ ಪ್ರತಿಯೊಬ್ಬರಿಗೂ ಒಂದು ಜಾಗ ಇರಬೇಕು. ಒಬ್ಬ ಆಟ ಆರಂಭಿಸುವವನು, ಒಬ್ಬ ಕಷ್ಟ ಬಂದಾಗ ಒಳಗೆ ಬಂದು ತಡೆಯುವವನು, ಒಬ್ಬ ಎದುರಾಳಿಯ ಗುರಾಣಿಗಳು ಮುಗಿದ ಮೇಲೆ ಬಂದು ಮುಗಿಸುವವನು.

ಹುಡುಗ ಇನ್ನೊಂದು ಕತೆ ಹೇಳಿದ. ಮನೆಗೆ ಬಂದ ಮೇಲೆ ನಾನೂ ವಿಚಾರಿಸಿ ನೋಡಿದೆ, ನಿಜ. ಈ ಪ್ರಾಣಿಗಳ ದೊಡ್ಡ ವಿಡಿಯೋ ಗೇಮಿಗೆ 2009ರಿಂದ ವಿಶ್ವ ಚಾಂಪಿಯನ್‌ಶಿಪ್ ನಡೆಯುತ್ತಿದೆ. ಅಲ್ಲಿ ಆರು ಪ್ರಾಣಿಗಳ ತಂಡ ಕಟ್ಟಿ ಪಂದ್ಯಕ್ಕೆ ನಾಲ್ಕನ್ನು ಆರಿಸಿ ಎರಡೆರಡಾಗಿ ಇಳಿಸುತ್ತಾರೆ. 2014ರಲ್ಲಿ ಅಮೆರಿಕದ ವಾಷಿಂಗ್ಟನ್‌ನಲ್ಲಿ ನಡೆದ ಸ್ಪರ್ಧೆಗೆ ದಕ್ಷಿಣ ಕೊರಿಯಾದ ಸೇಜುನ್ ಪಾರ್ಕ್ ಎಂಬ ಯುವಕ ಪಚಿರಿಸು ಎಂಬ ಪುಟ್ಟ ಅಳಿಲನ್ನು ತಂದಿದ್ದ. ದೊಡ್ಡ ಆಟಗಾರರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಎದುರಾಳಿಯ ಪೆಟ್ಟುಗಳನ್ನು ತನ್ನ ಕಡೆಗೆ ಸೆಳೆದುಕೊಳ್ಳುವ ವಿದ್ಯೆ ಆ ಅಳಿಲಿಗಿತ್ತು. ವಿದ್ಯುತ್ತಿನ ಪೆಟ್ಟು ಬಿದ್ದರಂತೂ ಅದಕ್ಕೆ ಆಹಾರವೇ ಆಗುತ್ತಿತ್ತು. ಅದರ ಪಕ್ಕದಲ್ಲಿದ್ದ ಗ್ಯಾರಡೋಸ್ ಎಂಬ ಬೃಹತ್ ಪ್ರಾಣಿಗೆ ಅತ್ಯಂತ ಅಪಾಯಕಾರಿಯಾದದ್ದು ಅದೇ ವಿದ್ಯುತ್. ಅಳಿಲು ಪೆಟ್ಟು ತಿಂದಿತು, ಗ್ಯಾರಡೋಸ್ ಹೋರಾಡಿತು, ಪಾರ್ಕ್ ವಿಶ್ವ ಚಾಂಪಿಯನ್ ಆದ.

ಇದನ್ನು ಕೇಳುತ್ತಿದ್ದಂತೆ ಮದ್ರಸಾದಲ್ಲಿ ಓದಿದ ಉಹುದ್ ನನ್ನ ಕಣ್ಣ ಮುಂದೆ ಬಂತು. ಆಟವನ್ನೂ ಪವಿತ್ರ ಚರಿತ್ರೆಯನ್ನೂ ಸಮನಾಗಿ ಇಡುತ್ತಿಲ್ಲ, ಅಲ್ಲಾಹನು ಕ್ಷಮಿಸಲಿ. ಆದರೆ ಪಾಠ ನೆನಪಾಯಿತು. ಹಿಜರಿ 3ರಲ್ಲಿ ಪ್ರವಾದಿವರ್ಯರು(ಸ) ಐವತ್ತು ಬಿಲ್ಲುಗಾರರನ್ನು ಗುಡ್ಡದ ಮೇಲೆ ನಿಲ್ಲಿಸಿ, ಏನೇ ಆದರೂ ಜಾಗ ಬಿಡಬಾರದೆಂದು ಆಜ್ಞಾಪಿಸಿದ್ದರು. ಗೆಲುವು ಕಂಡಾಗ ಹೆಚ್ಚಿನವರು ಕೆಳಗಿಳಿದರು. ಅಂದು ಎದುರು ಪಾಳಯದಲ್ಲಿದ್ದ ಖಾಲಿದ್ ಬಿನ್ ವಲೀದ್ ಹಿಂದಿನಿಂದ ಕುದುರೆ ನುಗ್ಗಿಸಿದರು. ಶೂರರಿಗೆ ಕೊರತೆಯಿರಲಿಲ್ಲ, ಜಾಗ ಖಾಲಿಯಾಗಿತ್ತು. ಆ ಗಳಿಗೆಯಲ್ಲಿ ಪ್ರವಾದಿವರ್ಯರಿಗೆ(ಸ) ಅಡ್ಡವಾಗಿ ನಿಂತವರಲ್ಲಿ ಒಬ್ಬರು ಉಮ್ಮು ಉಮಾರಾ ನುಸೈಬಾ(ರ). ಅವರು ಬಂದಿದ್ದದ್ದು ನೀರಿನ ಚೀಲ ಹೊತ್ತು. ಅಗತ್ಯ ಬಿದ್ದಾಗ ಕತ್ತಿ ಹಿಡಿದು ಗಾಯಗಳನ್ನು ಮೈಮೇಲೆ ತೆಗೆದುಕೊಂಡರು.

ಪ್ರವಾದಿವರ್ಯರು(ಸ) ತಮ್ಮ ಸಂಗಾತಿಗಳನ್ನು ಒಂದೇ ಅಚ್ಚಿನಲ್ಲಿ ಎರೆಯಲಿಲ್ಲ. ಅಝಾನ್‌ಗೆ ಬಿಲಾಲ್(ರ), ಬರವಣಿಗೆಗೆ ಝೈದ್ ಬಿನ್ ಸಾಬಿತ್(ರ), ಯಮನಿಗೆ ಹೋಗಿ ಕಲಿಸಲು ಮುಆದ್(ರ). ಅಬೂದರ್ರ್(ರ)ರಂಥ ಸತ್ಯವಂತರಿಗೆ ಅಧಿಕಾರದ ಹೊಣೆ ಹೊರಬೇಡಿ ಎಂದು ಪ್ರೀತಿಯಿಂದಲೇ ಹೇಳಿದರು. ಯಾರ ಬಲ ಎಲ್ಲಿ, ಯಾರ ದೌರ್ಬಲ್ಯ ಎಲ್ಲಿ ಎಂದು ಅರಿತು ಜಾಗ ಕೊಟ್ಟರು.

ನಾನು ಅಡುಗೆಮನೆಯ ಕಡೆ ನೋಡಿದೆ. ನನ್ನ ತಂಗಿ ಸಹ್ರಿಗೆ ಹಿಟ್ಟು ನಾದುತ್ತಿದ್ದಳು. ಗಂಡ ಊರಲ್ಲಿಲ್ಲ. ಅತ್ತೆಯ ಔಷಧಿ ಅವಳದ್ದು, ಚಿಕ್ಕವಳ ಹೋಮ್‌ವರ್ಕ್ ಅವಳದ್ದು, ಕರೆಂಟ್ ಬಿಲ್ ಅವಳದ್ದು. ಈಗ ಮಗನ ತಪ್ಪನ್ನು ಮುಚ್ಚಿಡುವುದೂ ಅವಳದ್ದು. ಎಲ್ಲ ಪೆಟ್ಟನ್ನೂ ತನ್ನ ಕಡೆ ಸೆಳೆದುಕೊಳ್ಳುವ ಅಳಿಲು! ಆದರೆ ಪಾರ್ಕ್‌ನ ಅಳಿಲು ಪೆಟ್ಟು ತಿಂದದ್ದು ಇನ್ನೊಬ್ಬನು ಎದ್ದು ಹೋರಾಡಲಿ ಎಂದು. ಈ ಮನೆಯಲ್ಲಿ ಉಳಿದವರು ಯಾರೂ ಏಳುತ್ತಿರಲಿಲ್ಲ.

ನಮ್ಮ ಜಿಲ್ಲೆಯವರಿಗೆ ಇದು ಹೊಸ ಪಾಠವೇನಲ್ಲ. ಯಲಬುರ್ಗಾ ಕಡೆಯ ಒಣ ಹೊಲಗಳಲ್ಲಿ ಹಿರಿಯರು ಸಜ್ಜೆಯ ನಡುವೆ ತೊಗರಿಯ ಅಕ್ಕಡಿ ಸಾಲು ಬಿಡುತ್ತಿದ್ದರು. ಮಳೆ ಒಂದಕ್ಕೆ ಕೈಕೊಟ್ಟರೆ ಇನ್ನೊಂದು ಹೊಟ್ಟೆಗೆ ಹಾಕುತ್ತಿತ್ತು. ಗಂಗಾವತಿ ಸೀಮೆ ಭತ್ತವೊಂದನ್ನೇ ನಂಬಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ ಹತ್ತೊಂಬತ್ತನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಭಾರ ಇಳಿಸಲು ಉಳಿದ ಗೇಟುಗಳನ್ನೂ ತೆರೆದು ನೀರು ಬಿಡಬೇಕಾಯಿತು. ಸುಮಾರು ಒಂದು ವಾರದ ನಂತರ ತಾತ್ಕಾಲಿಕ ಗೇಟು ಕೂರಿಸುವವರೆಗೆ ರೈತರ ಮನೆಗಳಲ್ಲಿ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಒಂದೇ ಸರಪಳಿಯ ಮೇಲೆ ಎಷ್ಟು ಭಾರವಿದೆ ಎಂಬುದು ಅದು ತುಂಡಾದ ಮೇಲೇ ಗೊತ್ತಾಗುವುದು. ಮನೆಯ ತಾಯಿಯ ವಿಷಯದಲ್ಲೂ ಹಾಗೆಯೇ.

ಹುಡುಗನಿಗೆ ಒಂದೇ ಮಾತು ಕೇಳಿದೆ. "ನಿನ್ನ ಸ್ಕಾರ್ಮರಿಯನ್ನು ಕಾಪಾಡಬೇಕು ಎಂದೆಯಲ್ಲ. ಈ ಮನೆಯ ಸ್ಕಾರ್ಮರಿ ಯಾರು?"

ಅವನು ಉತ್ತರ ಕೊಡಲಿಲ್ಲ. ಅಮ್ಮಿಯ ಕಡೆ ನೋಡಿದ, ಮತ್ತೆ ಫೋನಿನ ಕಡೆ ನೋಡಿದ.

ಗುರುವಾರ ಅವನ ಅಬ್ಬಾ ಬಂದಾಗ ತರಾವೀಹ್ ಮುಗಿಸಿ ಬರುವ ದಾರಿಯಲ್ಲಿ ತಾನೇ ಹೇಳಿಕೊಂಡನಂತೆ. ಅಬ್ಬಾ ಸಿಟ್ಟಾದರು. ಒಂದು ದಿನ ಮಾತಾಡಲಿಲ್ಲ. ಆದರೆ ಶಾಲೆ ಬಿಡಿಸಲಿಲ್ಲ. ಅವರಿಗೆ ಹಣಕ್ಕಿಂತ ಹೆಚ್ಚು ನೋವಾದದ್ದು ಹೆಂಡತಿ ಮುಚ್ಚಿಟ್ಟದ್ದಕ್ಕೆ. "ನನಗೆ ಹೇಳಲು ನಿನಗೆ ಅಷ್ಟು ಹೆದರಿಕೆಯಾ?" ಎಂದು ಕೇಳಿದರಂತೆ. ಆ ಪ್ರಶ್ನೆಯನ್ನು ಅವರು ತಮ್ಮನ್ನೂ ಕೇಳಿಕೊಂಡಿರಬೇಕು. ಏಕೆಂದರೆ ಈಗ ದಿನವೂ ಇಶಾ ನಂತರ ಗಂಗಾವತಿಯಿಂದ ಫೋನ್ ಮಾಡಿ ಮಗಳ ಮಗ್ಗಿ ಕೇಳುತ್ತಾರೆ. ಹುಡುಗ ಈದಿಯ ಹಣವನ್ನು ಅಮ್ಮಿಯ ಕೈಗೆ ಕೊಟ್ಟ, ಉಳಿದದ್ದು ಮುಂದಿನ ಈದಿಗೆ. ಅಜ್ಜಿಯ ಔಷಧಿ ಈಗ ಅವನ ಜವಾಬ್ದಾರಿ. ಆಟ ಬಿಟ್ಟಿಲ್ಲ. ದಿನಕ್ಕೆ ಅರ್ಧ ಗಂಟೆ, ಪೈಸೆ ಖರ್ಚಿಲ್ಲದೆ, 1500ರ ಲೀಗಿನಲ್ಲಿ.

ಈ ಆಟ ಆಡಬಹುದೇ ಎಂದು ಕೆಲವು ಓದುಗರು ಕೇಳಬಹುದು. 2001ರಲ್ಲಿ ಸೌದಿ ಅರೇಬಿಯಾದ ಉಲಮಾಗಳು ಪೋಕೆಮಾನ್ ಅನ್ನು ನಿಷೇಧಿಸಿದ್ದರು. ಅದರ ಕಾರ್ಡುಗಳ ಆಟ ಜೂಜಿಗೆ ಹತ್ತಿರವಾಗಿದೆ ಎಂಬುದು ಒಂದು ಕಾರಣವಾಗಿತ್ತು. 2025ರಲ್ಲಿ ಪೋಕೆಮಾನ್ ಗೋ ನಡೆಸುವ ವ್ಯವಹಾರವನ್ನು ಕೊಂಡದ್ದು ಸೌದಿಯ ಸರ್ಕಾರಿ ನಿಧಿಯ ಒಡೆತನದ ಕಂಪನಿಯೇ. ಕಾಲ ಹೀಗೆ ತಿರುಗುತ್ತದೆ. ನಾನು ಮುಫ್ತಿಯಲ್ಲ. ನಿಮಗೆ ನಂಬಿಕೆಯಿರುವ ಆಲಿಮರನ್ನು ಕೇಳಿ. ಆದರೆ ಕೆಲವು ಗೆರೆಗಳು ಯಾರಿಗೂ ಕಾಣುವಂಥವು. ನಮಾಝ್ ತಪ್ಪಿಸುವ ಆಟ ಬೇಡ. ಹೇಳದೆ ಹಣ ತೆಗೆಯುವುದು ಕಳ್ಳತನ, ಅದು ಅಬ್ಬಾನ ಹಣವೇ ಆದರೂ. ಪಣ ಕಟ್ಟಿ ಆಡುವುದಂತೂ ಹರಾಮ್. ನಮ್ಮ ದೇಶದ ಸಂಸತ್ತು ಕೂಡ 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿದೆ. ನಿಮ್ಮ ಮಗ ಆಡುತ್ತಿರುವುದು ಯಾವ ಬಗೆಯದೆಂದು ತಿಳಿಯಲು ಅವನ ಪಕ್ಕದಲ್ಲಿ ಕೂರಲೇಬೇಕು. ದೂರದಿಂದ ನೋಡಿದರೆ ಎಲ್ಲ ಆಟವೂ ಒಂದೇ ಬೆಳಕು.

ಆದ್ದರಿಂದ ಈ ತಿಂಗಳು ಒಂದು ಕೆಲಸ ಮಾಡಿ. ಮಕ್ಕಳನ್ನು ಕೂರಿಸಿಕೊಂಡು ಕಾಗದದ ಮೇಲೆ ಮನೆಯವರೆಲ್ಲರ ಹೆಸರು ಬರೆಯಿರಿ. ಪ್ರತಿ ಹೆಸರಿನ ಮುಂದೆ ಅವರಿಂದ ಚೆನ್ನಾಗಿ ಆಗುವುದೇನು, ಆಗದಿರುವುದೇನು, ಆಗದಿರುವುದನ್ನು ಯಾರು ಮುಚ್ಚುತ್ತಿದ್ದಾರೆ ಎಂದು ಬರೆಯಿರಿ. ಮೂರನೆಯ ಸಾಲಿನಲ್ಲಿ ಒಂದೇ ಹೆಸರು ಮತ್ತೆ ಮತ್ತೆ ಬಂದರೆ, ಆ ಹೆಸರು ನಿಮ್ಮದೇ ಆಗಿದ್ದರೆ, ನಾಚಿಕೆಪಡಬೇಡಿ. ಕಾಗದವನ್ನು ಮನೆಯವರಿಗೆ ತೋರಿಸಿ. ತ್ಯಾಗಕ್ಕೆ ಪ್ರತಿಫಲ ಅಲ್ಲಾಹನ ಬಳಿ ಇದೆ, ನಿಜ. ಆದರೆ ಉಳಿದವರಿಗೂ ಆ ಪ್ರತಿಫಲದಲ್ಲಿ ಪಾಲು ಸಿಗಲಿ.