ಬಿಸಿ ಅನ್ನಕ್ಕೆ ಪ್ಲಾಸ್ಟಿಕ್ ಡಬ್ಬಿಯೇಕೆ?

ಮಳೆಗಾಲದ ಮುಂಜಾನೆ ಅಜೆಕಾರು ಪೇಟೆಯಲ್ಲಿ ಬಸ್ಸಿಗೆ ಕಾದು ನಿಂತ ಮಕ್ಕಳ ಚೀಲಗಳನ್ನೊಮ್ಮೆ ಗಮನಿಸಬೇಕು. ಬದಿಯ ಜೇಬಿನಲ್ಲಿ ಬಣ್ಣದ ಪ್ಲಾಸ್ಟಿಕ್ ಬಾಟಲಿ. ಕೆಲವರದು ತಂಪು ಪಾನೀಯ ಕುಡಿದು ಉಳಿದ ಖಾಲಿ ಬಾಟಲಿ. ಒಳಗೆ, ಒಲೆಯಿಂದ ಆಗತಾನೇ ಇಳಿಸಿದ ಕುಚ್ಚಲಕ್ಕಿ ಅನ್ನವನ್ನೂ ಹುಳಿಸಾರನ್ನೂ ತುಂಬಿದ ಪ್ಲಾಸ್ಟಿಕ್ ಡಬ್ಬಿ. ಮಳೆಗಾಲವೆಂದು ನೀರನ್ನು ಕುದಿಸಿ ಕೊಡುವ ಮನೆಯವರ ಎಚ್ಚರ ಮೆಚ್ಚತಕ್ಕದ್ದೇ. ಆ ಎಚ್ಚರ ಪಾತ್ರೆಯವರೆಗೆ ಬರುವುದಿಲ್ಲವೆಂಬುದು ವಿಷಾದದ ಸಂಗತಿ.

ಗಾಜಿನಂತೆ ಹೊಳೆಯುವ ಗಡುಸಾದ ಪಾಲಿಕಾರ್ಬನೇಟ್ ಪ್ಲಾಸ್ಟಿಕ್ಕನ್ನು ಬಿಸ್ಫಿನಾಲ್-ಎ ಎಂಬ ರಾಸಾಯನಿಕದಿಂದ ತಯಾರಿಸುತ್ತಾರೆ. ಇದು ದೇಹವನ್ನು ಹೊಕ್ಕು ಈಸ್ಟ್ರೋಜನ್ ಹಾರ್ಮೋನಿನ ವೇಷ ಕಟ್ಟುತ್ತದೆ. ಬಿಸಿ ತಗುಲಿದಷ್ಟೂ ಹೆಚ್ಚು ಒಸರುತ್ತದೆ. ಐರೋಪ್ಯ ಒಕ್ಕೂಟವು 2011ರಲ್ಲಿ ಇದನ್ನು ಶಿಶುಗಳ ಹಾಲಿನ ಬಾಟಲಿಗಳಿಂದ ಹೊರಹಾಕಿತು. 2023ರಲ್ಲಿ ಅಲ್ಲಿನ ಆಹಾರ ಸುರಕ್ಷತಾ ಪ್ರಾಧಿಕಾರವು ದಿನವೊಂದಕ್ಕೆ ಸಹಿಸಬಹುದಾದ ಪ್ರಮಾಣವನ್ನು 20,000 ಪಟ್ಟು ತಗ್ಗಿಸಿತು. ಆ ಲೆಕ್ಕವನ್ನು ಜರ್ಮನಿಯ ಸಂಸ್ಥೆ ಒಪ್ಪಲಿಲ್ಲ, ನಿಜ. ಆದರೂ 2024ರ ಡಿಸೆಂಬರಿನಲ್ಲಿ ಒಕ್ಕೂಟವು ಆಹಾರಕ್ಕೆ ತಾಗುವ ವಸ್ತುಗಳಿಗೆಲ್ಲ ನಿಷೇಧವನ್ನು ವಿಸ್ತರಿಸಿತು.

ಭಾರತದಲ್ಲಿ? 2015ರ ಐಎಸ್ 14625 ಮಾನಕವು ಹಾಲೂಡಿಸುವ ಬಾಟಲಿಗಳಲ್ಲಿ ಬಿಸ್ಫಿನಾಲ್-ಎ ಇರಕೂಡದೆಂದಿತು. ಹಾಲಿನ ಬಾಟಲಿ ಬಿಟ್ಟ ಮಗು ಶಾಲೆಯ ಮೆಟ್ಟಿಲೇರಿದೊಡನೆ ಆ ರಕ್ಷಣೆ ಕಳಚಿ ಬೀಳಬೇಕೆ?

ಅಂಗಡಿಯವರು ‘ಬಿಪಿಎ ರಹಿತ’ ಚೀಟಿ ತೋರಿಸುತ್ತಾರೆ. ಬಿಪಿಎ ತೆಗೆದು ಅದರ ದಾಯಾದಿ ಬಿಪಿಎಸ್ ಸೇರಿಸಿದರೂ ಆ ಚೀಟಿ ಸುಳ್ಳಾಗುವುದಿಲ್ಲ. ಬಿಪಿಎಸ್ ಕೂಡ ಹಾರ್ಮೋನುಗಳನ್ನು ಕೆಣಕುವಂಥದ್ದೇ. ಸುರಕ್ಷಿತವೆಂದು ಮಾರುವ ಪಾಲಿಪ್ರೊಪಿಲೀನ್ ಬಾಟಲಿಗಳಿಗೆ ಬಿಸಿನೀರು ಹಾಕಿದಾಗ ಲೀಟರಿಗೆ 1.6 ಕೋಟಿಯವರೆಗೆ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಬಿಡುವುದನ್ನು ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದರು. ಅವುಗಳ ಹಾನಿ ಇನ್ನೂ ಪೂರ್ತಿ ಸಾಬೀತಾಗಿಲ್ಲವಂತೆ. ಸಾಬೀತಾಗುವವರೆಗೆ ಪ್ರಯೋಗಕ್ಕೆ ಒಡ್ಡಬೇಕಾದವರು ಮಕ್ಕಳೇ ಏನು?

ಊರಿನದೆಲ್ಲ ನಿರಪಾಯವೆಂಬ ಹೆಮ್ಮೆಯೂ ಬೇಡ. ಅಡಿಕೆ ಹಾಳೆಯ ತಟ್ಟೆಗಳಿಂದ ಅಡಿಕೆಯ ಆಲ್ಕಲಾಯ್ಡುಗಳು ಆಹಾರಕ್ಕೆ ಇಳಿಯಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರಲ್ಲಿ ಎಚ್ಚರಿಸಿದೆ. ತೋಟದವರಿಗೆ ಇದು ಕಹಿ ಸುದ್ದಿ. ಆದರೆ ಪ್ಲಾಸ್ಟಿಕ್ಕಿಗೆ ಒಡ್ಡುವ ಪ್ರಶ್ನೆಯನ್ನು ಹಾಳೆಗೆ ಒಡ್ಡದಿರುವುದು ನ್ಯಾಯವಲ್ಲ.

ಉಳಿದದ್ದು ಅಜ್ಜಿಯ ಕಾಲದ ಸ್ಟೀಲು ಡಬ್ಬಿ. ದುಬಾರಿಯೆಂಬ ವಾದವುಂಟು. ವರ್ಷಕ್ಕೊಂದರಂತೆ ಒಡೆಯುವ ಪ್ಲಾಸ್ಟಿಕ್ ಬಾಟಲಿಗಳ ಲೆಕ್ಕ ಹಾಕಿದವರು ಈ ಮಾತು ಆಡಲಾರರು. ಸ್ಟೀಲು ಅಣ್ಣನಿಂದ ತಮ್ಮನಿಗೆ ದಾಟುತ್ತದೆ. ಕೊನೆಗೆ ಗುಜರಿಯವನೂ ಕಾಸು ಕೊಡುತ್ತಾನೆ. ಸಾರು ಸೋರುತ್ತದೆಂಬ ದೂರು ನಿಜವೇ. ಬಿಗಿಮುಚ್ಚಳದ ಡಬ್ಬಿ ಆರಿಸಿದರಾಯಿತು. ಆದರೆ ಸ್ಟೀಲಿನಂತೆ ಕಾಣುವ ಅಲ್ಯೂಮಿನಿಯಂ ಬಾಟಲಿಗೆ ಮೋಸ ಹೋಗಬಾರದು. ಅದರ ಒಳಮೈಗೆ ಬಳಿಯುವ ಎಪಾಕ್ಸಿ ಲೇಪವನ್ನು ಬಹುಮಟ್ಟಿಗೆ ತಯಾರಿಸುವುದು ಅದೇ ಬಿಸ್ಫಿನಾಲ್-ಎಯಿಂದ. ಲೇಪವಿಲ್ಲದಿದ್ದರೆ ಪುನರ್ಪುಳಿ, ಮಜ್ಜಿಗೆಗಳ ಹುಳಿ ಲೋಹವನ್ನೇ ಕರಗಿಸುತ್ತದೆ.

ಇದನ್ನೆಲ್ಲ ತಾಯಂದಿರ ತಲೆಗೇ ಕಟ್ಟಿ ಶಾಲೆಗಳು ಸುಮ್ಮನಿರಲಾಗದು. ಕ್ರೀಡಾಕೂಟದಲ್ಲಿ ಗೆದ್ದ ಮಗುವಿನ ಕೈಗೆ ಪ್ಲಾಸ್ಟಿಕ್ ಊಟದ ಡಬ್ಬಿಯನ್ನೇ ಬಹುಮಾನವಾಗಿ ಕೊಟ್ಟು, ಪರಿಸರ ದಿನದಂದು ಅದೇ ಮಗುವಿಗೆ ಪ್ಲಾಸ್ಟಿಕ್ ವಿರೋಧಿ ಪ್ರಬಂಧ ಬರೆಯಿಸುವುದು ಯಾವ ಶಿಕ್ಷಣ? ಶಾಲಾಭಿವೃದ್ಧಿ ಸಮಿತಿಗಳು ಮುಂದಿನ ಸಭೆಯಲ್ಲೇ ನಿರ್ಣಯಿಸಲಿ: ಬಹುಮಾನವೂ ದಾನಿಗಳ ಕೊಡುಗೆಯೂ ಸ್ಟೀಲಿನದೇ ಆಗಿರತಕ್ಕದ್ದು. ಮನೆಯಲ್ಲಿ ಈಗಾಗಲೇ ಇರುವ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಪೆನ್ಸಿಲು, ಗುಂಡಿ, ಸೂಜಿದಾರ ಇಟ್ಟುಕೊಳ್ಳಬಹುದು.